ಧ್ವಜ ಮತ್ತು ನಡತೆ: ತಲಕಾಡಿನ ಪಿಂಛಧ್ವಜದಿಂದ ಬದನವಾಳಿನ ನೂಲಿನವರೆಗೆ

ಪ್ರತಿವರ್ಷ ಆಗಸ್ಟ್ 15 ಮತ್ತು ಜನವರಿ 26ರಂದು ಶಾಲಾ ಕಾಲೇಜುಗಳಲ್ಲಿ ರಾಷ್ಟ್ರಧ್ವಜಕ್ಕೆ ವಂದನೆ ಸಲ್ಲುತ್ತದೆ. ಆ ದಿನ ಧ್ವಜದ ಮಹತ್ತ್ವವನ್ನು ಕುರಿತು ನಾಲ್ಕು ಮಾತು ಹೇಳುವ ಹೊಣೆ ಅನೇಕ ವೇಳೆ ಕನ್ನಡ ಅಧ್ಯಾಪಕರದ್ದಾಗಿರುತ್ತದೆ. ಮೂರು ಬಣ್ಣಗಳ ಅರ್ಥ, ಚಕ್ರದ ಇಪ್ಪತ್ತನಾಲ್ಕು ಅರೆಗಳು, ಹೋರಾಟಗಾರರ ಸ್ಮರಣೆ, ಇಷ್ಟರಲ್ಲಿ ಆ ಮಾತು ಮುಗಿಯುವುದು ವಾಡಿಕೆ. ಧ್ವಜಕ್ಕೆ ಗೌರವವೆಂದರೇನು, ಆ ಗೌರವ ಯಾರಿಂದ ಯಾರಿಗೆ ಸಲ್ಲತಕ್ಕದ್ದು, ಅದಕ್ಕೂ ನಾಗರಿಕನ ದಿನನಿತ್ಯದ ನಡತೆಗೂ ಇರುವ ಸಂಬಂಧವೇನು ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ಬದಿಗೆ ಸರಿಯುತ್ತವೆ.

ಈ ಪ್ರಶ್ನೆಗಳನ್ನು ವಿವೇಚಿಸಲು ತಿ. ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳ ಪರಿಸರವು ಒಳ್ಳೆಯ ನೆಲೆಯನ್ನು ಒದಗಿಸುತ್ತದೆ. ಗಂಗರ ರಾಜಧಾನಿಯಾಗಿದ್ದ ತಲಕಾಡು ತಿ. ನರಸೀಪುರ ತಾಲ್ಲೂಕಿನಲ್ಲಿದೆ. ಖಾದಿಯ ಇತಿಹಾಸದಲ್ಲಿ ಹೆಸರಾದ ತಗಡೂರು ಮತ್ತು ಬದನವಾಳು ನೆರೆಯ ನಂಜನಗೂಡು ತಾಲ್ಲೂಕಿನಲ್ಲಿವೆ. ಒಂದು ರಾಜವಂಶದ ಧ್ವಜಕ್ಕೆ ಸಂಬಂಧಿಸಿದ ಸ್ಥಳ, ಇನ್ನೊಂದು ಪ್ರಜೆಗಳ ಧ್ವಜಕ್ಕೆ ಬೇಕಾದ ನೂಲಿನ ಸ್ಥಳ. ಇವೆರಡರ ನಡುವಿನ ಅಂತರವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪದ ಮತ್ತು ಪರಂಪರೆ

ಧ್ವಜ, ಪತಾಕೆ, ಕೇತನ ಎಂಬ ಸಂಸ್ಕೃತ ಪದಗಳ ಜೊತೆಗೆ ಹಳಗನ್ನಡದಲ್ಲಿ ಪಳಯಿಗೆ, ಟೆಕ್ಕೆಯ, ಗುಡಿ ಮೊದಲಾದ ಪದಗಳು ಬಳಕೆಯಲ್ಲಿದ್ದವು. ಜನಬಳಕೆಯಲ್ಲಿ ಇಂದು ನಿಂತಿರುವುದು ‘ಬಾವುಟ’. ಪ್ರಾಚೀನ ಕಾವ್ಯಗಳಲ್ಲಿ ಧ್ವಜವು ವ್ಯಕ್ತಿಯ ಗುರುತು. ಅರ್ಜುನನು ಕಪಿಧ್ವಜ, ದುರ್ಯೋಧನನಿಗೆ ಹಾವಿನ ಧ್ವಜದವನೆಂಬ ಅರ್ಥದ ಹೆಸರುಗಳುಂಟು. ಶಾಸನಗಳಲ್ಲಿ ಅದು ಮನೆತನದ ಗುರುತು. ಕದಂಬರದು ವಾನರಧ್ವಜ, ಸವದತ್ತಿಯ ರಟ್ಟರದು ಸುವರ್ಣ ಗರುಡಧ್ವಜ, ಗಂಗರದು ಪಿಂಛಧ್ವಜ ಎಂದರೆ ನವಿಲುಗರಿಯ ಧ್ವಜ. ಬಾದಾಮಿ ಚಾಲುಕ್ಯರ ಶಾಸನಗಳು ಉತ್ತರಾಪಥದ ಒಡೆಯನನ್ನು ಗೆದ್ದು ಪಾಳಿಧ್ವಜವನ್ನು ಪಡೆದುದನ್ನು ಹೆಮ್ಮೆಯಿಂದ ಹೇಳುತ್ತವೆ.

ಈ ಉದಾಹರಣೆಗಳಲ್ಲೆಲ್ಲ ಧ್ವಜವು ಒಡೆತನದ ಸಂಕೇತವಾಗಿದೆ ಎಂಬುದು ಗಮನಾರ್ಹ. ಅದನ್ನು ಗೆಲ್ಲಬಹುದು, ಕಳೆದುಕೊಳ್ಳಬಹುದು, ಬಿರುದಾವಳಿಯಲ್ಲಿ ಸೇರಿಸಬಹುದು. ಆಳಿಸಿಕೊಳ್ಳುವವನಿಗೆ ಅದರ ಮುಂದೆ ತಲೆಬಾಗುವುದನ್ನು ಬಿಟ್ಟು ಬೇರೆ ಪಾತ್ರವಿಲ್ಲ.

2. ಕಲ್ಲೂರುಗುಡ್ಡದ ಶಾಸನದ ಷರತ್ತುಗಳು

ಹೀಗಿದ್ದರೂ ಧ್ವಜವನ್ನು ನಡತೆಯೊಡನೆ ಬೆಸೆದು ನೋಡುವ ದೃಷ್ಟಿ ನಮ್ಮ ಪರಂಪರೆಯಲ್ಲಿ ಇಲ್ಲದಿಲ್ಲ. ಶಿವಮೊಗ್ಗ ಜಿಲ್ಲೆಯ ಕಲ್ಲೂರುಗುಡ್ಡದ ಹನ್ನೆರಡನೆಯ ಶತಮಾನದ ಶಾಸನವು ಗಂಗವಂಶದ ಉಗಮದ ಕಥೆಯನ್ನು ನಿರೂಪಿಸುತ್ತದೆ. ದಡಿಗ ಮತ್ತು ಮಾಧವ ಎಂಬ ಇಬ್ಬರು ರಾಜಕುಮಾರರಿಗೆ ಜೈನಾಚಾರ್ಯ ಸಿಂಹನಂದಿ ಆಶ್ರಯವಿತ್ತು, ತನ್ನ ನವಿಲುಗರಿಯ ಕುಂಚವನ್ನೇ ಅವರಿಗೆ ಧ್ವಜವಾಗಿ ಕೊಟ್ಟನೆಂದು ಅದು ಹೇಳುತ್ತದೆ. ಗಂಗರ ಆಳ್ವಿಕೆ ಮುಗಿದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಹುಟ್ಟಿದ ಶಾಸನ ಇದಾದುದರಿಂದ ಇದನ್ನು ಐತಿಹ್ಯವೆಂದೇ ಗ್ರಹಿಸಬೇಕು. ಆದರೆ ಐತಿಹ್ಯಕ್ಕೂ ಅದರದೇ ಆದ ಅರ್ಥವಿರುತ್ತದೆ.

ಆಚಾರ್ಯನು ಧ್ವಜವನ್ನು ಕೊಟ್ಟು ಸುಮ್ಮನಾಗುವುದಿಲ್ಲ, ಷರತ್ತುಗಳನ್ನೂ ವಿಧಿಸುತ್ತಾನೆ. ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಒಪ್ಪದಿದ್ದರೆ, ಪರಸ್ತ್ರೀಯರನ್ನು ಬಯಸಿದರೆ, ಬೇಡಿ ಬಂದವರಿಗೆ ಕೊಡದಿದ್ದರೆ, ಯುದ್ಧದಲ್ಲಿ ಬೆನ್ನು ತೋರಿದರೆ ನಿಮ್ಮ ಕುಲ ಕೆಡುವುದೆಂದು ಎಚ್ಚರಿಸುತ್ತಾನೆ. ಧ್ವಜವು ಹಿಡಿದವನನ್ನು ಕಟ್ಟಿಹಾಕುತ್ತದೆ. ನಡತೆ ಕೆಟ್ಟರೆ ಧ್ವಜ ಉಳಿಯದು. ಧ್ವಜಕ್ಕೆ ತೋರುವ ಗೌರವವನ್ನು ವಂದನೆಯಲ್ಲಿ ಅಳೆಯದೆ ಬಾಳಿನಲ್ಲಿ ಅಳೆಯುವ ಈ ಕ್ರಮ ಇಂದಿಗೂ ಬೆಲೆಯುಳ್ಳದ್ದು.

ಇದರ ಮಿತಿಯನ್ನೂ ಮರೆಯಬಾರದು. ಕೆಳಗಿನವರ ಸಂಗ ಮಾಡಬಾರದೆಂಬುದೂ ಅದೇ ಷರತ್ತುಗಳಲ್ಲಿ ಸೇರಿದೆ. ಅಂದಿನ ನೀತಿ ಅಂದಿನ ಶ್ರೇಣೀಕರಣವನ್ನು ದಾಟಲಿಲ್ಲ. ಅದು ಅರಸನಿಗೆ ಹೇಳಿದ ಧರ್ಮ. ಎಲ್ಲರೂ ಸಮಾನರೆಂಬ ನೆಲೆಯಿಂದ ಹೊರಟುದಲ್ಲ.

3. ಅರಸನ ಬಾವುಟ, ಪ್ರಜೆಗಳ ಬಾವುಟ

ಒಡೆತನದ ಧ್ವಜದಿಂದ ಪ್ರಜೆಗಳ ಧ್ವಜಕ್ಕೆ ಆದ ಪಲ್ಲಟ ಕರ್ನಾಟಕದಲ್ಲಿ ಇಪ್ಪತ್ತನೆಯ ಶತಮಾನದ ಮೊದಲರ್ಧದ ಘಟನೆ. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಪಾಲ್ಗೊಂಡು ಸೆರೆವಾಸ ಅನುಭವಿಸಿದರು. ಮುಂದೆ ಅವರು ಕಟ್ಟಿದ ಹಿಂದೂಸ್ತಾನಿ ಸೇವಾದಳವು ಧ್ವಜವಂದನೆಯನ್ನು ಒಂದು ಶಿಸ್ತಾಗಿ ರೂಪಿಸಿತು. ಅದು ಬ್ರಿಟಿಷರ ನೇರ ಆಡಳಿತದಲ್ಲಿದ್ದ ಭಾಗದ ಮಾತು. ಮೈಸೂರು ಸಂಸ್ಥಾನದಲ್ಲಿ ಪ್ರಶ್ನೆ ಇನ್ನೂ ಜಟಿಲವಾಗಿತ್ತು. ಇಲ್ಲಿ ಅರಸರಿದ್ದರು, ಅವರಿಗೆ ಗಂಡಭೇರುಂಡ ಲಾಂಛನವಿತ್ತು, ಅದರ ಬಗ್ಗೆ ಜನರಿಗೆ ಭಕ್ತಿಯೂ ಇತ್ತು. ತ್ರಿವರ್ಣಧ್ವಜವನ್ನು ಹಾರಿಸುವುದು ಅರಸರಿಗೆ ಮಾಡುವ ಅವಿಧೇಯತೆಯೇ ಎಂಬ ಸಂದಿಗ್ಧ ಆ ಕಾರಣದಿಂದಲೇ ಹುಟ್ಟಿತು.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಸರ್ಕಾರವು ಧ್ವಜಾರೋಹಣಕ್ಕೆ ನಿಷೇಧ ಹೇರಿತ್ತು. ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ನಿಷೇಧವನ್ನು ಮೀರಿ ಸೆರೆಯಾದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ, ಜಾತ್ರೆಯ ಸಂದರ್ಭದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿನ ಸ್ಮಾರಕವು 32 ಮಂದಿ ಹುತಾತ್ಮರನ್ನು ಸ್ಮರಿಸುತ್ತದೆ. ಮೇ ತಿಂಗಳಲ್ಲಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರು ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿದರು. ವಿಧ್ಯುಕ್ತ ಸಮಾರಂಭಗಳಲ್ಲಿ ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು. ಒಂದೇ ಅಂಗಳದಲ್ಲಿ ಎರಡು ಬಾವುಟಗಳು ಜೊತೆಯಾಗಿ ಹಾರಿದ್ದು ಕೇವಲ ರಾಜಿ ಸೂತ್ರವಾಗಿರಲಿಲ್ಲ. ಪ್ರಜೆಗೂ ತನ್ನದೆನ್ನುವ ಒಂದು ಧ್ವಜವಿರಬಹುದೆಂಬುದನ್ನು ಸಂಸ್ಥಾನವು ಒಪ್ಪಿದಂತಾಯಿತು. 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ‘ಮೈಸೂರು ಚಲೋ’ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ನೆನಪು ಮೈಸೂರಿನ ರಾಮಸ್ವಾಮಿ ವೃತ್ತದ ಹೆಸರಿನಲ್ಲಿ ಉಳಿದಿದೆ.

ಧ್ವಜವನ್ನು ನಿಷೇಧಿಸಿದಾಗ ಅದರ ಮೇಲಣ ಪ್ರೀತಿ ಹೆಚ್ಚುವುದು ನಮ್ಮ ನಾಡಿನ ಅನುಭವ ಮಾತ್ರವಲ್ಲ. ಫಿಲಿಪೈನ್ಸ್ ದೇಶದ ಧ್ವಜವು 1898ರ ಜೂನ್ 12ರಂದು ಕಾವಿಟ್ ಎಂಬಲ್ಲಿ ಸ್ವಾತಂತ್ರ್ಯ ಘೋಷಣೆಯೊಡನೆ ಹಾರಿತು. ಅಮೆರಿಕದ ಆಡಳಿತವು 1907ರಲ್ಲಿ ಅದರ ಪ್ರದರ್ಶನವನ್ನು ಕಾನೂನಿನ ಮೂಲಕ ನಿಷೇಧಿಸಿತು. 1919ರಲ್ಲಿ ಆ ನಿಷೇಧ ತೆರವಾಯಿತು. ಆ ಧ್ವಜದಲ್ಲಿ ಒಂದು ವಿಶೇಷವಿದೆ. ಶಾಂತಿಕಾಲದಲ್ಲಿ ನೀಲಿ ಪಟ್ಟಿ ಮೇಲಿರುತ್ತದೆ. ಯುದ್ಧಕಾಲದಲ್ಲಿ ಕೆಂಪು ಪಟ್ಟಿಯನ್ನು ಮೇಲೆ ಮಾಡಿ ಹಾರಿಸಲಾಗುತ್ತದೆ. 1998ರ ಕಾಯಿದೆಯೊಂದು ಅಲ್ಲಿ ಧ್ವಜಗೌರವದ ನಿಯಮಗಳನ್ನು ವಿಧಿಸಿದೆ. ಶಾಲಾ ಮಕ್ಕಳು ದೇಶನಿಷ್ಠೆಯ ಪ್ರತಿಜ್ಞೆಯನ್ನು ಪಠಿಸುತ್ತಾರೆ. ನಿಷೇಧವನ್ನು ಕಂಡ ಜನ ಧ್ವಜವನ್ನು ಹಕ್ಕೆಂದು ಮೊದಲು ತಿಳಿದು, ಆಮೇಲೆ ಕರ್ತವ್ಯವೆಂದು ಒಪ್ಪಿಕೊಂಡರು. ಮೈಸೂರಿನ ಅನುಭವದ ಕ್ರಮವೂ ಅದೇ.

4. ನೂಲಿನ ನಂಟು

ಪ್ರಜೆಗಳ ಧ್ವಜಕ್ಕೆ ಇನ್ನೊಂದು ವೈಶಿಷ್ಟ್ಯವಿತ್ತು. ಅದನ್ನು ಜನರೇ ನೂತು ನೇಯುತ್ತಿದ್ದರು. 1931ರಲ್ಲಿ ಕಾಂಗ್ರೆಸ್ ಅಂಗೀಕರಿಸಿದ ತ್ರಿವರ್ಣಧ್ವಜದ ನಡುವೆ ಚರಕವಿತ್ತು. 1947ರ ಜುಲೈ 22ರಂದು ಸಂವಿಧಾನ ರಚನಾ ಸಭೆಯು ಚರಕದ ಸ್ಥಾನದಲ್ಲಿ ಸಾರನಾಥದ ಧರ್ಮಚಕ್ರವನ್ನಿರಿಸಿತು. ಚರಕವು ಚಿತ್ರದಿಂದ ಮರೆಯಾದರೂ ಬಟ್ಟೆಯಲ್ಲಿ ಉಳಿಯಿತು. ಧ್ವಜವು ಖಾದಿಯದೇ ಆಗಿರಬೇಕೆಂಬ ನಿಯಮ ಬಹುಕಾಲ ನಡೆದುಬಂದಿತು.

ಈ ನೂಲಿನ ಒಂದು ಎಳೆ ನಂಜನಗೂಡು ತಾಲ್ಲೂಕಿನಲ್ಲಿದೆ. ತಗಡೂರು ರಾಮಚಂದ್ರರಾಯರು ತಮ್ಮ ಊರನ್ನು ಖಾದಿ, ಅಸ್ಪೃಶ್ಯತಾ ನಿವಾರಣೆ ಮತ್ತು ಸ್ವಾತಂತ್ರ್ಯ ಹೋರಾಟಗಳ ನೆಲೆಯನ್ನಾಗಿಸಿದರು. ಬದನವಾಳಿನಲ್ಲಿ 1920ರ ದಶಕದಲ್ಲಿ ಮೈಸೂರು ಸರ್ಕಾರದ ನೆರವಿನಿಂದಲೇ ನೂಲುವ ಕೇಂದ್ರ ಆರಂಭವಾಯಿತು. ತ್ರಿವರ್ಣ ಬಾವುಟವನ್ನು ತಡೆದ ಸರ್ಕಾರವೇ ಆ ಬಾವುಟದ ಪ್ರಾಣವಾದ ಚರಕವನ್ನು ಪೋಷಿಸಿತೆಂಬುದು ಸಂಸ್ಥಾನದ ಚರಿತ್ರೆಯ ಒಂದು ಸ್ವಾರಸ್ಯ. 1934ರ ಹರಿಜನ ಪ್ರವಾಸದ ಕಾಲದಲ್ಲಿ ಗಾಂಧೀಜಿಯವರು ಈ ಭಾಗಕ್ಕೆ ಬಂದಿದ್ದರು. ಖಾದಿ ಮತ್ತು ಅಸ್ಪೃಶ್ಯತಾ ನಿವಾರಣೆ ಅವರಿಗೆ ಬೇರೆ ಬೇರೆ ಕಾರ್ಯಗಳಾಗಿರಲಿಲ್ಲ.

ಆದರೆ ನೂಲಿನ ಪರಂಪರೆಯೊಂದೇ ಮನಸ್ಸನ್ನು ತಿದ್ದುವುದಿಲ್ಲ. 1993ರಲ್ಲಿ ಇದೇ ಬದನವಾಳಿನಲ್ಲಿ ಜಾತಿದ್ವೇಷಕ್ಕೆ ಮೂವರು ದಲಿತರು ಬಲಿಯಾದರು. ಧ್ವಜಗೌರವವನ್ನು ಕುರಿತ ಯಾವ ವಿವರಣೆಯೂ ಈ ಘಟನೆಯನ್ನು ಬಿಟ್ಟು ಮುಂದೆ ಸಾಗಲಾರದು. ಕಲ್ಲೂರುಗುಡ್ಡದ ಶಾಸನದ ಮಾತಿನಂತೆ ನಡತೆ ಕೆಟ್ಟಲ್ಲಿ ಧ್ವಜ ಉಳಿಯದೆನ್ನುವುದಾದರೆ, ಸಮಾನತೆಯ ಆಶಯದ ಧ್ವಜಕ್ಕೆ ಇಂಥ ಕೃತ್ಯಕ್ಕಿಂತ ದೊಡ್ಡ ಅವಮಾನ ಬೇರೊಂದಿಲ್ಲ. ಆದರೆ ಯಾವ ಧ್ವಜ ಸಂಹಿತೆಯಲ್ಲಿಯೂ ಇದನ್ನು ಧ್ವಜಕ್ಕೆ ಮಾಡಿದ ಅಪಚಾರವೆಂದು ಎಣಿಸಿಲ್ಲ.

5. ಕಾಯಿದೆ, ಹಕ್ಕು ಮತ್ತು ಬಟ್ಟೆ

ರಾಷ್ಟ್ರಧ್ವಜಕ್ಕೆ ಸಾರ್ವಜನಿಕವಾಗಿ ಮಾಡುವ ಅವಮಾನಕ್ಕೆ 1971ರ ಕಾಯಿದೆಯು ಮೂರು ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತದೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿಯು ಧ್ವಜವನ್ನು ಗೌರವಿಸುವುದನ್ನು ಮೂಲಭೂತ ಕರ್ತವ್ಯವೆಂದಿದೆ. ಸೋದರಭಾವವನ್ನು ಬೆಳೆಸುವುದು, ಸ್ತ್ರೀಯರ ಘನತೆಗೆ ಕುಂದುತರುವ ಆಚರಣೆಗಳನ್ನು ಬಿಡುವುದು, ನಿಸರ್ಗವನ್ನು ಕಾಪಾಡುವುದು ಇವೂ ಅದೇ ಪಟ್ಟಿಯಲ್ಲಿವೆ. ಮೊದಲನೆಯದನ್ನು ನೆನೆದು ಉಳಿದವನ್ನು ಮರೆಯುವುದು ಆ ವಿಧಿಯನ್ನು ಅರ್ಧ ಓದಿದಂತೆ.

ಭಾರತದ ಧ್ವಜ ಸಂಹಿತೆ 2002ರ ಜನವರಿ 26ರಿಂದ ಜಾರಿಗೆ ಬಂದಿತು. ಅದಕ್ಕೂ ಮೊದಲು ಸಾಮಾನ್ಯ ನಾಗರಿಕರು ಕೆಲವು ವಿಶೇಷ ದಿನಗಳನ್ನು ಬಿಟ್ಟು ಧ್ವಜವನ್ನು ಹಾರಿಸುವಂತಿರಲಿಲ್ಲ. ಗೌರವದಿಂದ ಧ್ವಜವನ್ನು ಹಾರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ನವೀನ್ ಜಿಂದಾಲ್ ಪ್ರಕರಣದಲ್ಲಿ ತೀರ್ಪಿತ್ತಿತು. ಶಿವಪುರದ ಬೇಡಿಕೆಗೆ ಸ್ವತಂತ್ರ ಭಾರತದ ನ್ಯಾಯಾಲಯದಲ್ಲಿ ದೊರೆತ ಉತ್ತರವೆಂದು ಇದನ್ನು ಗ್ರಹಿಸಬಹುದು.

ಸಂಹಿತೆಯ ನಿಯಮಗಳು ಸರಳವಾದವು. ಕೇಸರಿ ಪಟ್ಟಿ ಮೇಲಿರಬೇಕು. ಧ್ವಜದ ಉದ್ದ ಮತ್ತು ಎತ್ತರಗಳ ಪ್ರಮಾಣ 3:2 ಆಗಿರಬೇಕು. ಹರಿದ ಅಥವಾ ಮಾಸಿದ ಧ್ವಜವನ್ನು ಹಾರಿಸಬಾರದು. ಧ್ವಜವು ನೆಲವನ್ನು ಮುಟ್ಟಬಾರದು. ಅದರ ಮೇಲೆ ಬರಹವಿರಬಾರದು. ಅದನ್ನು ಹೊದಿಕೆಯಾಗಿಯೋ ಅಲಂಕಾರದ ಬಟ್ಟೆಯಾಗಿಯೋ ಬಳಸಬಾರದು. ಬಳಕೆಗೆ ಬಾರದಂತಾದ ಧ್ವಜವನ್ನು ಏಕಾಂತದಲ್ಲಿ, ಮೇಲಾಗಿ ಸುಡುವ ಮೂಲಕ, ಗೌರವದಿಂದ ವಿಲೇವಾರಿ ಮಾಡಬೇಕು. ಸಮಾರಂಭಗಳಲ್ಲಿ ಬೀಸುವ ಕಾಗದದ ಧ್ವಜಗಳನ್ನು ನೆಲದ ಮೇಲೆ ಎಸೆದು ಹೋಗಬಾರದು. ಈ ಕೊನೆಯ ನಿಯಮ ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದನ್ನು ಆಗಸ್ಟ್ 16ರ ಬೆಳಗಿನ ಯಾವ ಬೀದಿಯಾದರೂ ಹೇಳುತ್ತದೆ.

ಬಟ್ಟೆಯ ವಿಷಯದಲ್ಲಿ ದೊಡ್ಡ ಬದಲಾವಣೆ ಈಚಿನದು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಸ್ಥಾಪನೆಯಾದುದು. ರಾಷ್ಟ್ರಧ್ವಜ ತಯಾರಿಕೆಗೆ 2006ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನ್ಯತೆ ಪಡೆಯಿತು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರವನ್ನು ಅಚ್ಚೊತ್ತುವುದು, ಹೊಲಿಯುವುದು, ಹಗ್ಗ ಕಟ್ಟುವುದು ಎಂಬ ಆರು ಹಂತಗಳಲ್ಲಿ ಒಂಬತ್ತು ಅಳತೆಗಳ ಧ್ವಜಗಳು ಸಿದ್ಧವಾಗುತ್ತವೆ. ಈ ಕೆಲಸದಲ್ಲಿ ಮಹಿಳೆಯರೇ ಹೆಚ್ಚು. 2021ರ ಡಿಸೆಂಬರ್ 30ರ ತಿದ್ದುಪಡಿಯು ಯಂತ್ರದಿಂದ ತಯಾರಾದ ಮತ್ತು ಪಾಲಿಯೆಸ್ಟರ್ ಧ್ವಜಗಳಿಗೂ ಅವಕಾಶ ನೀಡಿತು. 2022ರ ಜುಲೈ ತಿಂಗಳ ತಿದ್ದುಪಡಿಯಿಂದ ನಾಗರಿಕರು ಹಗಲೂ ರಾತ್ರಿಯೂ ಧ್ವಜವನ್ನು ಹಾರಿಸಬಹುದಾಯಿತು. ಅಗ್ಗದ ಧ್ವಜಗಳಿಂದ ಬಡವರ ಮನೆಗೂ ತ್ರಿವರ್ಣ ತಲುಪಿತೆಂಬ ವಾದದಲ್ಲಿ ಹುರುಳಿದೆ. ಕೈನೂಲಿನ ಕೆಲಸಗಾರ್ತಿಯರ ಅನ್ನಕ್ಕೆ ಇದರಿಂದ ಪೆಟ್ಟು ಬೀಳುವುದೆಂಬ ಖಾದಿ ಸಂಸ್ಥೆಗಳ ಆಕ್ಷೇಪದಲ್ಲಿಯೂ ಅಷ್ಟೇ ಹುರುಳಿದೆ. ಹಾರಿಸುವ ಹಕ್ಕು ವಿಸ್ತಾರವಾಯಿತು; ನೇಯ್ದವರ ನಂಟು ಸಡಿಲವಾಯಿತು.

6. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ರಾಜಧ್ವಜವು ಅರಸನ ಒಡೆತನದ ಗುರುತಾಗಿದ್ದರೆ ರಾಷ್ಟ್ರಧ್ವಜವು ಪ್ರಜೆಗಳು ಪಡೆದುಕೊಂಡ ಹಕ್ಕಿನ ಗುರುತು. ಎರಡು, ಆ ಹಕ್ಕಿನ ಹಿಂದೆ ನೂಲುವವರ, ನೇಯುವವರ ದುಡಿಮೆಯಿದೆ. ಮೂರು, ಧ್ವಜದ ಗೌರವವು ಅದನ್ನು ಹಿಡಿದವರ ನಡತೆಯಲ್ಲಿರಬೇಕೆಂಬ ತಿಳಿವಳಿಕೆ ನಮ್ಮ ಶಾಸನ ಸಾಹಿತ್ಯದಲ್ಲಿಯೇ ಇದೆ. ಅದನ್ನು ಸಮಾನತೆಯ ನೆಲೆಗೆ ವಿಸ್ತರಿಸುವ ಹೊಣೆ ಸಂವಿಧಾನವನ್ನು ಒಪ್ಪಿಕೊಂಡಿರುವ ನಮ್ಮದು.

ತರಗತಿಯಲ್ಲಿ ಈ ಮೂರನ್ನೂ ಒಟ್ಟಿಗೆ ತರುವುದು ಕಷ್ಟವಲ್ಲ. ತಲಕಾಡಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವಾಗ ಪಿಂಛಧ್ವಜದ ಕಥೆಯನ್ನು ಅದರ ಷರತ್ತುಗಳೊಡನೆ ಹೇಳಬಹುದು. ಹಿಂತಿರುಗುವಾಗ ನಂಜನಗೂಡಿನ ಮೇಲೆ ಬಂದು ಬದನವಾಳನ್ನು ತೋರಿಸಬಹುದು; ಅಲ್ಲಿ ಚರಕದ ಕಥೆಯ ಜೊತೆಗೆ 1993ರ ಘಟನೆಯನ್ನೂ ಮರೆಮಾಚದೆ ಹೇಳಬೇಕು. ಧ್ವಜಸ್ತಂಭದ ಮುಂದೆ ನೆಟ್ಟಗೆ ನಿಲ್ಲುವುದನ್ನು ವಿದ್ಯಾರ್ಥಿ ಶಾಲೆಯಲ್ಲಿಯೇ ಕಲಿತಿರುತ್ತಾನೆ. ಪಕ್ಕದಲ್ಲಿ ನಿಂತವನನ್ನು ಸಮಾನನೆಂದು ಕಾಣುವುದನ್ನು ಕಲಿತಾಗ ಆ ವಂದನೆ ಪೂರ್ಣವಾಗುತ್ತದೆ.