ನಗಿಸುವ ಮೇಳ, ನಗದ ಗಾಯಕರು

ಹಾಸ್ಯರಸವು ಆತ್ಮಸ್ಥ, ಪರಸ್ಥ ಎಂದು ಎರಡು ಬಗೆಯಾಗಿರುವುದೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವನು. ತಾನೇ ನಕ್ಕರೆ ಆತ್ಮಸ್ಥ. ಪರರನ್ನು ನಗಿಸಿದರೆ ಪರಸ್ಥ. ಈ ಭೇದವನ್ನು ನಾವು ಬಹುಕಾಲ ಪಾಠ ಹೇಳಿದೆವಾದರೂ ಅದರ ಮರ್ಮವು ನಮಗೆ ತಿಳಿದುದು ಒಂದು ಶಾಲಾ ವಾರ್ಷಿಕೋತ್ಸವದ ದಿನ. ಹನ್ನೆರಡು ಮಂದಿ ಹುಡುಗರಿಗೆ ವಿನೋದದ ಹಾಡೊಂದನ್ನು ಕಲಿಸಿ ವೇದಿಕೆ ಹತ್ತಿಸಿದ್ದೆವು. ಎರಡನೆಯ ಚರಣದಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬನು ಕಿಸಕ್ಕನೆ ನಕ್ಕನು. ಮರುಕ್ಷಣವೇ ಹನ್ನೆರಡು ಮಂದಿಯೂ ನಕ್ಕರು, ಹಾಡು ನಿಂತುಹೋಯಿತು. ಸಭಿಕರಲ್ಲಿ ಒಬ್ಬರೂ ನಗಲಿಲ್ಲ.

ಈಚೆಗೆ ನಮ್ಮ ಮಗಳು ಹಳೆಯ ಜರ್ಮನ್ ಹಾಡೊಂದನ್ನು ಕೇಳಿಸಿದಾಗ ಆ ದಿನವು ನೆನಪಾಯಿತು. ಮನೆಯ ಮೊಗಸಾಲೆಯಲ್ಲಿ ಬೆಳೆಸಿದ ಪುಟ್ಟ ಹಸಿರು ಕಳ್ಳಿಯ ವಿಷಯ. ಅದು ಕೆಳಗೆ ಬಿದ್ದು ನೆರೆಯವನ ಮುಖಕ್ಕೆ ಚುಚ್ಚುವುದು. ಇಷ್ಟೇ ಕಥೆ. ಆದರೆ ಅದನ್ನು ಹಾಡಿದ ಪರಿಯೋ, ರಾಜಾಸ್ಥಾನದಲ್ಲಿ ಬಿನ್ನವತ್ತಳೆ ಓದುವಂತೆ!

ಪಾಶ್ಚಾತ್ಯರ ವೃಂದಗಾನದಲ್ಲಿ ಎಲ್ಲರೂ ಒಂದೇ ಸ್ವರವನ್ನು ಹಿಡಿಯುವುದಿಲ್ಲವೆಂಬುದನ್ನು ವಾಚಕರು ಬಲ್ಲರು. ತಾರಕಂಠದವರಿಂದ ಮಂದ್ರಕಂಠದವರವರೆಗೆ ಒಬ್ಬೊಬ್ಬರದು ಒಂದೊಂದು ದಾರಿ. ಆ ದಾರಿಗಳು ಹೊಂದಿಕೊಂಡು ಸಾಗಬೇಕು. ದೇವಸ್ತುತಿಗೆ ಒಗ್ಗಿದ ಈ ಗಂಭೀರ ಉಡುಪನ್ನು ಕ್ಷುದ್ರವಸ್ತುವಿಗೆ ತೊಡಿಸಿದರೆ ಹಾಸ್ಯವು ತಾನಾಗಿ ಹುಟ್ಟುವುದು. ಈ ಉಪಾಯವು ಹೊಸದಲ್ಲ. 1608ರಲ್ಲಿಯೇ ಇಟಲಿಯ ಬಂಕಿಯೇರಿ ಎಂಬ ಸಂನ್ಯಾಸಿಯು ನಾಯಿ, ಬೆಕ್ಕು, ಗೂಬೆ, ಕೋಗಿಲೆಗಳ ಕೂಗನ್ನು ಮೇಲಿನ ಕಂಠಗಳಿಗೆ ಹಂಚಿ, ಕೆಳಗಿನ ಮಂದ್ರಕಂಠದವನಿಂದ ಮುರುಕು ಲ್ಯಾಟಿನ್ನಿನಲ್ಲಿ ಘನವಾದ ನೀತಿಯನ್ನು ಹಾಡಿಸಿದನು. (ಮುರುಕು ಸಂಸ್ಕೃತದ ನೀತಿಗಳನ್ನು ಬೇಕಾದಷ್ಟು ತಿದ್ದಿದ ನಮಗೆ ಆ ಮಂದ್ರಕಂಠದವನ ಮೇಲೆಯೇ ಹೆಚ್ಚು ವಿಶ್ವಾಸ.)

ಕಳ್ಳಿಯ ಹಾಡನ್ನು ಹಾಡಿದವರು ಬರ್ಲಿನ್ನಿನ ಕಾಮೆಡಿಯನ್ ಹಾರ್ಮನಿಸ್ಟ್ಸ್ ಎಂಬ ಮೇಳದವರು. ಐದು ಮಂದಿ ಗಾಯಕರು, ಒಬ್ಬ ಪಿಯಾನೊ ವಾದಕ. 1927ರ ಡಿಸೆಂಬರಿನಲ್ಲಿ ಹ್ಯಾರಿ ಫ್ರೊಮ್ಮರ್‌ಮಾನ್ ಎಂಬ ಇಪ್ಪತ್ತೊಂದು ವರ್ಷದ ತರುಣನು, ಅಮೆರಿಕದ ರೆವೆಲರ್ಸ್ ಮೇಳದ ಗ್ರಾಮಫೋನ್ ತಟ್ಟೆಗಳಿಗೆ ಮರುಳಾಗಿ, ಇಪ್ಪತ್ತೈದು ಮೀರದ ಗಾಯಕರು ಬೇಕೆಂದು ಪತ್ರಿಕೆಯಲ್ಲಿ ಪ್ರಕಟಿಸಿದನು. ಕೂಡಿದವರು ಬಿಡಿಗಾಸಿಲ್ಲದೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ಪೇಟೆಯ ಚಿಲ್ಲರೆ ಹಾಡುಗಳನ್ನು ಫ್ರೊಮ್ಮರ್‌ಮಾನನು ಐದು ಕಂಠಗಳಿಗೆ ಬಿಡಿಸಿ ಬರೆದನು; ತುತೂರಿಯ ದನಿಯನ್ನು ತಾನೇ ಬಾಯಿಂದ ಹೊರಡಿಸಿದನು. 1928ರ ಸೆಪ್ಟೆಂಬರಿನಲ್ಲಿ ರಂಗವೇರಿದವರು ಕೆಲವೇ ವರ್ಷಗಳಲ್ಲಿ ಯೂರೋಪಿಗೆಲ್ಲ ಬೇಕಾದವರಾದರು. ನಾವು ಮೆಚ್ಚುವುದು ಅವರ ಸಂಯಮವನ್ನು. ಒಬ್ಬನು ಮಾತನ್ನು ನುಂಗಿದರೆ ಚಾಟೂಕ್ತಿಯು ಕೆಟ್ಟಿತು. ಒಬ್ಬನ ಉಸಿರು ತಪ್ಪಿದರೆ ಮೇಳವೇ ಕೆಟ್ಟಿತು. ನಮ್ಮ ಹನ್ನೆರಡು ಹುಡುಗರಿಗೆ ಮಾತ್ರವಲ್ಲ, ಅವರ ಉಪಾಧ್ಯಾಯರಿಗೂ ಇದು ತಿಳಿದಿರಲಿಲ್ಲ.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಆರು ಮಂದಿಯಲ್ಲಿ ಫ್ರೊಮ್ಮರ್‌ಮಾನ್, ಕೊಲಿನ್, ಸಿಕೋವ್‌ಸ್ಕಿ ಈ ಮೂವರು ಯೆಹೂದ್ಯ ವಂಶದವರು. ಕಳ್ಳಿಗೂ ವಸಂತಕ್ಕೂ ಹಾಡು ಕಟ್ಟಿದವರು ರಾಜ್ಯಕ್ಕೆ ಮಾಡಿದ ದ್ರೋಹವಾದರೂ ಏನು? 1934ರ ಬಳಿಕ ಅವರಿಗೆ ಜರ್ಮನಿಯಲ್ಲಿ ಕಚೇರಿಗಳು ನಿಂತುವು. 1935ರಲ್ಲಿ ಒಟ್ಟಾಗಿ ಹಾಡಕೂಡದೆಂದು ಆಜ್ಞೆಯಾಯಿತು. ಮೂವರು ವಿಯೆನ್ನಾಕ್ಕೆ ಹೋಗಿ ಬೇರೆ ಮೇಳ ಕಟ್ಟಿದರು. ಉಳಿದ ಮೂವರು ಜರ್ಮನಿಯಲ್ಲಿಯೇ ಹೊಸಬರನ್ನು ಸೇರಿಸಿಕೊಂಡರು. ಎರಡೂ 1941ರ ಹೊತ್ತಿಗೆ ಮುಗಿದುಹೋದುವು. ಯುದ್ಧದಿಂದ ಆರು ಮಂದಿಯೂ ಬದುಕಿ ಉಳಿದರು. ಒಂದಾಗಿ ಮಾತ್ರ ಮತ್ತೆ ಹಾಡಲಿಲ್ಲ.

ಕಳ್ಳಿಯ ಹಾಡು ಮುದ್ರಿತವಾದುದು 1934ರಲ್ಲಿ. ಈ ವರ್ಷವನ್ನು ಮಗಳು ಹೇಳಿದ ಮೇಲೆ ನಾವು ಅದನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದೆವು. ಸ್ವರವು ಎಲ್ಲಿಯೂ ಕಂಪಿಸಿಲ್ಲ. ಕಳ್ಳಿಯು ಬೀಳುವೆಡೆಯಲ್ಲಿ ನಮಗೆ ನಗೆಯೂ ಬಂದಿತು.