ಕಳಚಿ ಜೋಡಿಸುವ ಹೆಣಿಗೆ ಕಡ್ಡಿಗಳ ಪರೀಕ್ಷೆ

ಸ್ವೆಟರ್ ಹೆಣೆಯುವ ಕಡ್ಡಿಗಳೆಂದೊಡನೆ ಒಂದು ತುದಿ ಮೊನಚಾಗಿರುವ, ಇನ್ನೊಂದು ತುದಿಗೆ ಗುಂಡಿಯುಳ್ಳ ಎರಡು ನೇರವಾದ ಸಲಾಕೆಗಳೇ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ಬರುವುವು. ಹೆಣಿಗೆಯಲ್ಲಿ ನುರಿತವರು ಬಳಸುವ ಮತ್ತೊಂದು ಬಗೆಯ ಕಡ್ಡಿಯುಂಟು. ಎರಡು ಗಿಡ್ಡ ಕಡ್ಡಿಗಳನ್ನು ಬಳುಕುವ ಎಳೆಯೊಂದರಿಂದ ಕೂಡಿಸಿರುವ ಇದನ್ನು ವರ್ತುಲ ಕಡ್ಡಿ ಎನ್ನಬಹುದು. ಅಮೆರಿಕದಲ್ಲಿ ಇದಕ್ಕೆ 1918ರಲ್ಲಿಯೇ ಪೇಟೆಂಟು ದೊರಕಿತ್ತು. ಹೆಣೆದ ಬಟ್ಟೆಯ ಭಾರವು ಮಣಿಕಟ್ಟಿನ ಮೇಲೆ ಬೀಳದೆ ಮಡಿಲಿನಲ್ಲಿ ಕುಳಿತಿರುವುದು ಇದರ ದೊಡ್ಡ ಅನುಕೂಲ. ಈ ಕಡ್ಡಿಯ ತುದಿಗಳನ್ನು ಎಳೆಯಿಂದ ಕಳಚಿ ಬೇರೆ ಗಾತ್ರದ ತುದಿಗಳನ್ನು ಜೋಡಿಸಲು ಬರುವಂತೆ ಮಾಡಿದರೆ, ಈಗ ಪೆಟ್ಟಿಗೆಗಳಲ್ಲಿ ಮಾರಾಟಕ್ಕೆ ಬರುತ್ತಿರುವ ಜೋಡಣೆಯ ಕಡ್ಡಿಗಳಾದುವು.

ಇಂತಹ ಪೆಟ್ಟಿಗೆಯ ಬೆಲೆ ಅಲ್ಪವಲ್ಲ. ಕೊಳ್ಳುವವರು ಅದರ ಬಣ್ಣದ ಚೀಲವನ್ನೂ ಕಡ್ಡಿಗಳ ನುಣುಪನ್ನೂ ನೋಡಿ ಮೆಚ್ಚುವುದು ಸಹಜ. ಆದರೆ ಎರಡು ತಿಂಗಳ ಬಿಡುವಿನ ವೇಳೆಯೆಲ್ಲವನ್ನೂ ಸುರಿದು ಹೆಣೆದ ಸ್ವೆಟರು, ಅಕ್ಕಿಯ ಕಾಳಿಗಿಂತ ಸ್ವಲ್ಪವೇ ದೊಡ್ಡದಾದ ತಿರುಪೊಂದರ ಮೇಲೆ ನಿಂತಿರುವುದೆಂಬುದನ್ನು ಮರೆಯಲಾಗದು. ಕಡ್ಡಿಗಳನ್ನು ಭೌತವಿಜ್ಞಾನದ ಕಣ್ಣಿನಿಂದ ಪರೀಕ್ಷಿಸುವ ಬಗೆಯನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

ಮೊದಲು ಲೆಕ್ಕ. ಎಂಟು ಜೊತೆ ತುದಿಗಳೂ ನಾಲ್ಕು ಉದ್ದದ ಎಳೆಗಳೂ ಇದ್ದರೆ ಮೂವತ್ತೆರಡು ವರ್ತುಲ ಕಡ್ಡಿಗಳಾಗುವುವು ಎಂದು ಮಾರುವವರು ಹೇಳುವರು. ಗುಣಾಕಾರದಲ್ಲಿ ತಪ್ಪಿಲ್ಲ, ಆದರೆ ಒಂದೇ ಕಾಲದಲ್ಲಿ ಬಳಸಲು ಬರುವುದು ನಾಲ್ಕನ್ನು ಮಾತ್ರ, ಏಕೆಂದರೆ ಎಳೆಗಳು ನಾಲ್ಕೇ. ಒಂದು ಹೆಣಿಗೆಯನ್ನು ನಡುವೆ ನಿಲ್ಲಿಸಿ ಇನ್ನೊಂದನ್ನು ಹಿಡಿಯುವ ಅಭ್ಯಾಸವುಳ್ಳವರು ತುದಿಗಳನ್ನು ಬಿಚ್ಚಿ ಎಳೆಗೆ ಮುಚ್ಚಳಗಳನ್ನು ಹಾಕಿಡಬಹುದು. ಆಗ ತುದಿಗಳು ಬಿಡುವಾಗುವುವೇ ಹೊರತು ಎಳೆ ಬಿಡುವಾಗದು. ಆದ್ದರಿಂದ ಎಳೆಗಳನ್ನು ಬಿಡಿಯಾಗಿ ಕೊಳ್ಳಲು ದೊರೆಯುವುದೇ ಎಂಬುದನ್ನು ಮೊದಲೇ ವಿಚಾರಿಸುವುದು ಜಾಣತನ. ಒಬ್ಬ ತಯಾರಕರ ತಿರುಪು ಮತ್ತೊಬ್ಬರದಕ್ಕೆ ಸಾಮಾನ್ಯವಾಗಿ ಕೂಡುವುದಿಲ್ಲ.

ಇನ್ನು ಗಾತ್ರ. ನಮ್ಮ ದೇಶದ ಅಂಗಡಿಗಳಲ್ಲಿ 8 ನಂಬರು, 10 ನಂಬರು ಎಂದು ಕೇಳಿ ಕೊಳ್ಳುವ ರೂಢಿ ಬ್ರಿಟಿಷರಿಂದ ಬಂದದ್ದು. ಇದರಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳುವಾಗುವುದು: 8 ನಂಬರಿನ ವ್ಯಾಸ 4 ಮಿ.ಮೀ., 10 ನಂಬರಿನದು 3.25 ಮಿ.ಮೀ., 14 ನಂಬರಿನದು 2 ಮಿ.ಮೀ. ಈ ತಲೆಕೆಳಗಾದ ಎಣಿಕೆ ವಿಚಿತ್ರವಾಗಿ ಕಂಡರೂ ಪ್ರಯೋಗಶಾಲೆಯಲ್ಲಿ ತಂತಿಗಳ ಗೇಜನ್ನು ಬಲ್ಲವರಿಗೆ ಪರಿಚಿತವೇ. ಬ್ರಿಟನ್ನಿನಲ್ಲಿ 1884ರಲ್ಲಿ ಶಾಸನಬದ್ಧವಾದ ತಂತಿಯ ಗೇಜಿನಲ್ಲಿ 8ನೆಯ ಗೇಜು 4.06 ಮಿ.ಮೀ., 10ನೆಯದು 3.25 ಮಿ.ಮೀ., 14ನೆಯದು 2.03 ಮಿ.ಮೀ. ತಂತಿಯನ್ನು ಅಚ್ಚಿನ ರಂಧ್ರಗಳಲ್ಲಿ ಎಳೆದಷ್ಟೂ ಅದು ಸಣ್ಣದಾಗುವುದು, ಎಳೆತದ ಎಣಿಕೆ ದೊಡ್ಡದಾಗುವುದು. ಅಮೆರಿಕದ ನಂಬರುಗಳಾದರೋ ಇದಕ್ಕೆ ವಿರುದ್ಧವಾಗಿ ಏರುವುವು. ಅಲ್ಲಿಯ 8 ನಂಬರು 5 ಮಿ.ಮೀ. ಆದುದರಿಂದ ನಂಬರನ್ನು ಬಿಟ್ಟು ಮಿಲಿಮೀಟರುಗಳಲ್ಲಿ ವ್ಯವಹರಿಸುವುದೇ ಕ್ಷೇಮ.

ಅಚ್ಚೊತ್ತಿದ ಮಿಲಿಮೀಟರನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಕಾಲೇಜಿನ ಪ್ರಯೋಗಶಾಲೆಯ ಸ್ಕ್ರೂ ಗೇಜು ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲನ್ನು ಅಳೆಯಬಲ್ಲದು. ಕಡ್ಡಿಯನ್ನು ಮೂರು ನಾಲ್ಕು ಎಡೆಗಳಲ್ಲಿ, ಪ್ರತಿ ಎಡೆಯಲ್ಲಿಯೂ ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ ಅಳೆಯಬೇಕು. ಮರದ ಕಡ್ಡಿಗಳು ತೇವವನ್ನು ಹೀರಿ ಎಳೆಗೆ ಅಡ್ಡಲಾಗಿ ಉಬ್ಬುವ ಸ್ವಭಾವದವು. ಕಾಲಕ್ರಮದಲ್ಲಿ ತುಸು ಅಂಡಾಕಾರ ತಳೆದಿದ್ದರೆ ಆಶ್ಚರ್ಯವಿಲ್ಲ. ಜೊತೆಯ ಎರಡು ತುದಿಗಳೂ ಸಮವಾಗಿರಬೇಕಾದುದು ಅದಕ್ಕಿಂತ ಮುಖ್ಯ. ಗಾತ್ರದ ಸಣ್ಣ ದೋಷ ಏನು ಮಾಡೀತೆಂಬುದನ್ನು ನೋಡೋಣ. 10 ಸೆಂ.ಮೀ.ಗೆ 22 ಕುಣಿಕೆಗಳಂತೆ ಲೆಕ್ಕಹಾಕಿ, 100 ಸೆಂ.ಮೀ. ಎದೆಸುತ್ತಳತೆಗೆ 220 ಕುಣಿಕೆಗಳನ್ನು ಎತ್ತಿದ್ದೇವೆನ್ನಿ. ಕಡ್ಡಿ ದಪ್ಪವಾಗಿದ್ದು 10 ಸೆಂ.ಮೀ.ಗೆ 21 ಕುಣಿಕೆಗಳೇ ಬಿದ್ದರೆ ಸುತ್ತಳತೆ ಸುಮಾರು 105 ಸೆಂ.ಮೀ. ಆಗುವುದು. ಹತ್ತು ಸೆಂಟಿಮೀಟರಿನಲ್ಲಿ ಒಂದು ಕುಣಿಕೆಯ ವ್ಯತ್ಯಾಸ ಕಣ್ಣಿಗೆ ಕಾಣದು. ಐದು ಸೆಂಟಿಮೀಟರು ಸಡಿಲವಾದ ಸ್ವೆಟರು ತೊಟ್ಟವನಿಗೆ ಕಾಣುವುದು.

ಕಡ್ಡಿ ಯಾವ ದ್ರವ್ಯದ್ದಾಗಿರಬೇಕು? ಬಿಗಿತದ ವಿಷಯದಲ್ಲಿ ವ್ಯಾಸವೇ ಮುಖ್ಯ. ಸಲಾಕೆಯೊಂದು ಬಾಗುವಿಕೆಯನ್ನು ತಡೆಯುವ ಶಕ್ತಿ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದರಿಂದ, 2 ಮಿ.ಮೀ. ಕಡ್ಡಿಯು ಅದೇ ದ್ರವ್ಯದ 4 ಮಿ.ಮೀ. ಕಡ್ಡಿಗಿಂತ ಹದಿನಾರು ಪಟ್ಟು ಸುಲಭವಾಗಿ ಬಾಗುವುದು. ದ್ರವ್ಯಗಳನ್ನು ಹೋಲಿಸಿದರೆ ಉಕ್ಕಿನ ಸ್ಥಿತಿಸ್ಥಾಪಕತೆಯು ಅಲ್ಯೂಮಿನಿಯಮ್ಮಿನದರ ಸುಮಾರು ಮೂರು ಪಟ್ಟು. ಬರ್ಚ್ ಮರ, ಬಿದಿರು ಇವುಗಳದು ಅಲ್ಯೂಮಿನಿಯಮ್ಮಿಗಿಂತಲೂ ಬಹಳ ಕಡಿಮೆ. ತೆಳು ಕಡ್ಡಿಗಳಿಗೆ ಉಕ್ಕೇ ಸರಿ. ದಪ್ಪ ಕಡ್ಡಿಗಳಿಗೆ ಮರವಾದರೂ ಸಾಕು. ದಪ್ಪ ಕಡ್ಡಿಯನ್ನು ಗಟ್ಟಿ ಉಕ್ಕಿನಿಂದ ಮಾಡಿದರೆ ಭಾರವೇ ತೊಡಕಾಗುವುದು. 5 ಮಿ.ಮೀ. ದಪ್ಪ, 12 ಸೆಂ.ಮೀ. ಉದ್ದದ ಗಟ್ಟಿ ಉಕ್ಕಿನ ತುದಿ ಸುಮಾರು 18 ಗ್ರಾಂ ತೂಗುವುದು, ಅಲ್ಯೂಮಿನಿಯಮ್ಮಿನದಾದರೆ ಆರು ಗ್ರಾಮಿಗೆ ಸ್ವಲ್ಪ ಮೇಲೆ. ಇದಕ್ಕೆ ಪರಿಹಾರ ಕೊಳವೆ. ಒಳವ್ಯಾಸವು ಹೊರವ್ಯಾಸದ ಅರ್ಧದಷ್ಟಿದ್ದರೆ ತೂಕದಲ್ಲಿ ಕಾಲು ಭಾಗ ತಗ್ಗುವುದು. ಬಿಗಿತದಲ್ಲಿ ತಗ್ಗುವುದು ಹದಿನಾರನೆಯ ಒಂದು ಪಾಲು ಮಾತ್ರ. ನಿಸರ್ಗವು ಬಿದಿರಿನಲ್ಲಿ ಈ ಉಪಾಯವನ್ನು ಬಹಳ ಹಿಂದೆಯೇ ಕಂಡುಕೊಂಡಿದೆ.

ಕೈಗೆ ತಾಕುವ ತಣ್ಪಿನ ವಿಷಯವೂ ಅಷ್ಟೇ ಸರಳ. ಅಲ್ಯೂಮಿನಿಯಂ ಬೆರಳಿನ ಶಾಖವನ್ನು ಬೇಗನೆ ಸೆಳೆದುಕೊಳ್ಳುವುದು. ತುಕ್ಕುಹಿಡಿಯದ ಉಕ್ಕಿನ ಉಷ್ಣವಾಹಕತೆ ಅದರ ಹತ್ತನೆಯ ಒಂದಂಶದಷ್ಟೂ ಇಲ್ಲ. ಮರದ್ದು ಉಕ್ಕಿನದರ ನೂರನೆಯ ಒಂದಂಶದ ಆಸುಪಾಸು. ಚಳಿಗೆ ಬೆರಳ ಗೆಣ್ಣು ನೋಯುವ ವೃದ್ಧರು ಮರವನ್ನು ಆರಿಸುವುದರಲ್ಲಿ ಅರ್ಥವಿದೆ.

ಇನ್ನು ಜಾರುವಿಕೆ. ದುಂಡನೆಯ ದಿಂಡಿಗೆ ಸುತ್ತಿದ ಹಗ್ಗದ ಎರಡು ಬದಿಗಳ ಎಳೆತಕ್ಕಿರುವ ಸಂಬಂಧವನ್ನು ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ನಿರೂಪಿಸಿದನು. ದೋಣಿಯನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ಒಬ್ಬನೇ ಹಿಡಿದು ನಿಲ್ಲಿಸಬಲ್ಲನೆಂಬುದರ ಮರ್ಮ ಇದೇ. ಕುಣಿಕೆಯು ಕಡ್ಡಿಯನ್ನು ಸುಮಾರು ಅರ್ಧ ಸುತ್ತು ಬಳಸಿರುವುದೆಂದು ಇಟ್ಟುಕೊಳ್ಳೋಣ. ಘರ್ಷಣಾಂಕ 0.2 ಇದ್ದರೆ ನೂಲು ಜಾರುವ ಮುನ್ನ ಒಂದು ಬದಿಯ ಎಳೆತವು ಇನ್ನೊಂದು ಬದಿಯದರ 1.9 ಪಟ್ಟಿನವರೆಗೆ ಏರಬಹುದು, 0.3 ಇದ್ದರೆ 2.6 ಪಟ್ಟು. ಇಲ್ಲಿ ಕಡ್ಡಿಯ ದಪ್ಪಕ್ಕೆ ಸ್ಥಾನವೇ ಇಲ್ಲದಿರುವುದನ್ನು ವಾಚಕರು ಗಮನಿಸಬೇಕು. ಮೇಲ್ಮೈಯ ಗುಣವೊಂದೇ ನಿರ್ಣಾಯಕ. ನಿಜವಾದ ನೂಲು ಪಠ್ಯಪುಸ್ತಕದ ಹಗ್ಗದಷ್ಟು ವಿಧೇಯವಲ್ಲವೆಂಬುದು ಬೇರೆ ಮಾತು. ಉಣ್ಣೆಯ ಒರಟು ನೂಲಿಗೆ ನುಣುಪಾದ ಲೋಹವೂ, ಜಾರುವ ರೇಷ್ಮೆ ಅಥವಾ ಹತ್ತಿಯ ನೂಲಿಗೆ ಮರವೂ ಒಪ್ಪುವುದು ಇದರಿಂದಲೇ. ಹೊಸದಾಗಿ ಕಲಿಯುವವರಿಗೆ ಲೋಹದ ಕಡ್ಡಿಗಳನ್ನು ಕೊಡುವುದು ನಮಗೆ ಸರಿತೋರದು. ಕುಣಿಕೆಗಳು ಸದ್ದಿಲ್ಲದೆ ಜಾರಿಹೋಗುವುವು.

ಈಗ ಸಂದಿಗೆ ಬರೋಣ. ಪೆಟ್ಟಿಗೆಯ ಯೋಗ್ಯತೆಯೆಲ್ಲವೂ ಇಲ್ಲಿದೆ. ಸಾಮಾನ್ಯವಾಗಿ ಎಳೆಯ ತುದಿಯ ಲೋಹದ ತಿರುಪು ಕಡ್ಡಿಯ ಹಿಂಬದಿಯ ಟೊಳ್ಳಿನೊಳಗೆ ಕೂಡುವುದು. ಕಡ್ಡಿ ಈ ತಿರುಪಿಗಿಂತ ದಪ್ಪವಾಗಿಯೇ ಇರಬೇಕಷ್ಟೆ. ಅನೇಕ ಪೆಟ್ಟಿಗೆಗಳು 3.5 ಅಥವಾ 4 ಮಿ.ಮೀ.ನಿಂದ ಆರಂಭವಾಗುವುದಕ್ಕೂ, ಇನ್ನೂ ತೆಳುವಾದ ತುದಿಗಳನ್ನು ಮಾಡುವವರು ಅವಕ್ಕೆ ಬೇರೆ ಸಣ್ಣ ತಿರುಪಿನ ಎಳೆಗಳನ್ನೇ ಕೊಡುವುದಕ್ಕೂ ಇದೇ ಕಾರಣ.

ತಿರುಪೆಂದರೆ ದಿಂಡಿಗೆ ಸುತ್ತಿದ ಇಳಿಜಾರು. ವ್ಯಾಸ ಸುಮಾರು 2.2 ಮಿ.ಮೀ., ಸುತ್ತೊಂದಕ್ಕೆ ಮುನ್ನಡೆ ಅರ್ಧ ಮಿ.ಮೀ. ಎಂದು ಇಟ್ಟುಕೊಂಡರೆ ಇಳಿಜಾರಿನ ಕೋನ ಸುಮಾರು ನಾಲ್ಕು ಡಿಗ್ರಿ. ಲೋಹಕ್ಕೂ ಲೋಹಕ್ಕೂ ಇರುವ ಘರ್ಷಣಾಂಕ 0.15 ಇದ್ದರೂ ಎಂಟೂವರೆ ಡಿಗ್ರಿಯವರೆಗಿನ ಇಳಿಜಾರಿನಲ್ಲಿ ವಸ್ತು ಜಾರದೆ ನಿಲ್ಲುವುದು. ಎಂದಮೇಲೆ ನೇರವಾಗಿ ಎಷ್ಟು ಎಳೆದರೂ ತಿರುಪು ತಾನಾಗಿ ಬಿಚ್ಚಿಕೊಳ್ಳಬಾರದು. ಆದರೂ ಬಿಚ್ಚಿಕೊಳ್ಳುವುದೇಕೆ? ಅಡ್ಡಲಾಗಿ ಮತ್ತೆ ಮತ್ತೆ ಅಲುಗಾಡಿಸಿದರೆ ತಿರುಪು ಮೊಳೆಗಳು ಸಡಿಲವಾಗುವುವೆಂದು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿಕೊಟ್ಟನು. ಹೆಣೆಯುವವರ ಕೈಯಲ್ಲಿ ಸಂದಿಯು ಪ್ರತಿ ಕುಣಿಕೆಗೂ ಅತ್ತಿತ್ತ ಬಾಗುತ್ತಿರುವುದು. ಇದರ ಜೊತೆಗೆ ಎಳೆಯ ತಿರುಚು ಬೇರೆ. ಎರಡು ತುದಿಗಳ ತಿರುಪುಗಳೂ ಬಲಸುತ್ತಿನವಾದ್ದರಿಂದ ಎಳೆಯು ಒಂದು ಕಡೆಗೆ ತಿರುಚಿಕೊಂಡರೆ ಎರಡು ಸಂದಿಗಳೂ ಬಿಗಿಯುವುವು, ಇನ್ನೊಂದು ಕಡೆಗೆ ತಿರುಚಿಕೊಂಡರೆ ಎರಡೂ ಸಡಿಲಗೊಳ್ಳಲು ತೊಡಗುವುವು. ಎಳೆ ಪೆಡಸಾದಷ್ಟೂ ಈ ತಿರುಚು ಸಂದಿಗೆ ಮುಟ್ಟುವುದು ಹೆಚ್ಚು. ಕೆಲವರು ಎಳೆಯ ಕೊನೆಯನ್ನು ಲೋಹದ ಗೂಡಿನಲ್ಲಿ ಸ್ವತಂತ್ರವಾಗಿ ತಿರುಗುವಂತೆ ಮಾಡಿರುವರು. ತಿರುಚು ಅಲ್ಲಿಗೇ ತೀರಿಹೋಗುವುದು. ಇದು ಒಳ್ಳೆಯ ಯೋಚನೆಯೆಂದೇ ನಮ್ಮ ಅಭಿಪ್ರಾಯ. ಜರ್ಮನಿಯ ಆಲ್ಟೆನಾ ಊರಿನಲ್ಲಿ 1829ರಿಂದ ನಡೆದುಬಂದಿರುವ ಸೆಲ್ಟರ್ ಕಂಪನಿಯು ತನ್ನ ಆಡ್ಡಿ ಕಡ್ಡಿಗಳ ಒಂದು ಬಗೆಯಲ್ಲಿ ತಿರುಪನ್ನೇ ಬಿಟ್ಟು, ಒತ್ತಿ ತುಸು ತಿರುಗಿಸಿದರೆ ಸಿಕ್ಕಿಕೊಳ್ಳುವ ಕೊಂಡಿಯನ್ನು ಅಳವಡಿಸಿದೆ.

ತಿರುಪನ್ನು ಬಿಗಿಯಲು ಪೆಟ್ಟಿಗೆಯೊಡನೆ ಸಣ್ಣ ಸರಿಗೆಯ ಕೀಲಿಯೊಂದು ಬರುವುದು. ಅದನ್ನು ಎಳೆಯ ಲೋಹದ ಕೊರಳಿನ ರಂಧ್ರದಲ್ಲಿ ತೂರಿಸಿ ತಿರುಗಿಸಬೇಕು. ಬರಿಯ ಬೆರಳಿನಿಂದ ತಿರುಗಿಸುವಾಗ ಬಲವು ಅಕ್ಷದಿಂದ 2 ಮಿ.ಮೀ. ದೂರದಲ್ಲಿದ್ದರೆ ಕೀಲಿಯಿಂದ ಅದು 20 ಮಿ.ಮೀ. ಆಗಬಹುದು, ಅದೇ ಬೆರಳಿಗೆ ಹತ್ತು ಪಟ್ಟು ಸಾಮರ್ಥ್ಯ. ಹಾಗೆಂದು ಮರದ ತುದಿಯನ್ನೇ ಹಿಡಿದು ಬಿಗಿಯತಕ್ಕದ್ದಲ್ಲ. ಮರವನ್ನು ಲೋಹದ ಕೊರಳಿಗೆ ಅಂಟಿನಿಂದ ಕೂಡಿಸಿರುವರಾಗಿ, ತಿರುಚೆಲ್ಲವೂ ಅಂಟಿನ ಮೇಲೆ ಬಿದ್ದು ಅದು ಬಿಡುವುದು. ಲೋಹದ ಭಾಗವನ್ನೇ, ಜಾರದಂತೆ ರಬ್ಬರಿನ ತುಂಡಿನಿಂದ ಹಿಡಿದು ಬಿಗಿಯಬೇಕು.

ಸಂದಿಯಲ್ಲಿ ಮೆಟ್ಟಿಲಿದೆಯೇ ಎಂದು ತಿಳಿಯಲು ಉಪಕರಣವೇನೂ ಬೇಡ. ಉಗುರನ್ನು ಎಳೆಯ ಕಡೆಯಿಂದ ಕಡ್ಡಿಯ ಕಡೆಗೆ ಮೆಲ್ಲನೆ ಎಳೆದರೆ ಸಾಕು. ಕುಣಿಕೆಗಳು ಹತ್ತಬೇಕಾದ ದಿಕ್ಕು ಅದೇ. ಉಗುರು ತಡೆದ ಕಡೆ ಸಣ್ಣ ನೂಲಿನ ಕುಣಿಕೆಯೂ ತಡೆಯುವುದು, ಒಂದೊಂದು ಸಾಲಿನಲ್ಲಿಯೂ ಇನ್ನೂರು ಸಲ.

ಎಳೆಯ ಪರೀಕ್ಷೆ ಸುಲಭ. ಸುರುಳಿಯಾಗಿ ಬಹುಕಾಲ ಇಟ್ಟ ನೈಲಾನು ಆ ಬಾಗನ್ನೇ ತನ್ನ ಸಹಜ ರೂಪವೆಂದು ಹಿಡಿದುಕೊಳ್ಳುವುದು. ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿ ನೇರಮಾಡಿ ಆರಿಸಿದರೆ ಅದರ ಅಣುಸರಪಳಿಗಳು ಹೊಸ ನೆಲೆಯನ್ನು ಕಂಡುಕೊಳ್ಳುವುವು. ಹೀಗೆ ಮಾಡಿದ ಮೇಲೂ ಮೇಜಿನ ಮೇಲೆ ಸುಮ್ಮನೆ ಬಿಟ್ಟಾಗ ಸುರುಳಿಗೊಳ್ಳುವ ಎಳೆ ಹೆಣಿಗೆಗೆ ಸಲ್ಲದು. ಸಣ್ಣ ಉಕ್ಕಿನ ತಂತಿಗಳನ್ನು ಹೊಸೆದು ಮೇಲೆ ನೈಲಾನು ಹೊದಿಸಿದ ಎಳೆಗಳಿಗೆ ಈ ನೆನಪಿನ ಕಾಟ ಕಡಿಮೆ.

ಉದ್ದವನ್ನು ತುದಿಗಳನ್ನೂ ಸೇರಿಸಿ ಹೇಳುವ ವಾಡಿಕೆಯುಂಟು. 80 ಸೆಂ.ಮೀ. ಎಂದರೆ 56 ಸೆಂ.ಮೀ. ಎಳೆ ಮತ್ತು 12 ಸೆಂ.ಮೀ.ನ ಎರಡು ತುದಿಗಳು. 50 ಸೆಂ.ಮೀ. ಸುತ್ತಳತೆಯ ಟೋಪಿಗೆ 40 ಸೆಂ.ಮೀ.ನ ವರ್ತುಲ ಬೇಕಾದರೆ ಈ ಉದ್ದದ ತುದಿಗಳಿಗೆ ಉಳಿಯುವ ಎಳೆ 16 ಸೆಂ.ಮೀ. ಮಾತ್ರ, ಎಳೆ ತೀರ ಬಿಗಿಯಾಗಿ ಬಾಗಿ ಸಂದಿಗಳು ಎರಡೂ ಸೊಟ್ಟಗಾಗುವುವು. ಮಗುವಿನ ಕುಲಾವಿ, ತೋಳು ಮುಂತಾದುವನ್ನು ಹೆಚ್ಚಾಗಿ ಹೆಣೆಯುವವರು ಗಿಡ್ಡ ತುದಿಗಳುಳ್ಳ ಪೆಟ್ಟಿಗೆಯನ್ನೇ ಕೇಳಬೇಕು.

ಕೀಲಿಯ ರಂಧ್ರಕ್ಕೆ ಇನ್ನೊಂದು ಉಪಯೋಗವಿದೆ. ಅದನ್ನು ಮಾರುವವರು ಹೇಳುವುದು ಅಪೂರ್ವ. ಹತ್ತಿಪ್ಪತ್ತು ಸಾಲುಗಳಿಗೊಮ್ಮೆ ಆ ರಂಧ್ರದಲ್ಲಿ ಸಣ್ಣ ಹತ್ತಿಯ ದಾರವನ್ನು ಪೋಣಿಸಿ ಒಂದು ಸಾಲು ಹೆಣೆದರೆ, ಕಡ್ಡಿ ಹಾದುಹೋದ ಕುಣಿಕೆಗಳೆಲ್ಲದರ ಮೂಲಕ ದಾರವೂ ಹಾದುಹೋಗುವುದು. ಸಾಲು ಮುಗಿದೊಡನೆ ದಾರವನ್ನು ರಂಧ್ರದಿಂದ ಬಿಡಿಸಿ ಬಟ್ಟೆಯಲ್ಲಿಯೇ ಬಿಟ್ಟು ಮುಂದಕ್ಕೆ ಹೆಣೆಯಬೇಕು. ಮುಂದೆ ಎಂದಾದರೂ ಸಂದಿ ಬಿಚ್ಚಿಕೊಂಡರೆ ಬಟ್ಟೆ ಬಿಚ್ಚುವುದು ಆ ದಾರದವರೆಗೆ ಮಾತ್ರ.