ದೊಡ್ಡಪ್ಪನ ಬಲಗೈ ಮತ್ತು ವಿಆರ್ ಕನ್ನಡಕ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಇವತ್ತಿನ ಮಾತು ಉಳ್ಳಾರ್ತಿ ಕಾವಲಿನ ಅಂಚಲ್ಲಿರೋ ನಮ್ಮ ದೊಡ್ಡಪ್ಪನ ಬಲಗೈಯಿಂದ ಶುರು. ಲಕ್ವ ಹೊಡೆದು ಎಂಟು ತಿಂಗಳಾಯ್ತು. ಫಿಸಿಯೋಥೆರಪಿಗೆ ಅಂತ ಚಳ್ಳಕೆರೆಗೆ ಬಸ್ಸಲ್ಲಿ ಓಡಾಡಿ ಸಾಕಾಗಿ, "ಬಿಡಪ್ಪ, ಈ ಕೈ ಸತ್ತೋಗೈತೆ" ಅಂದುಬಿಟ್ಟರು.

ಕೈ ಸತ್ತಿಲ್ಲ. ರಕ್ತ ಸಿಗದೆ ಹಾಳಾಗಿರೋದು ಮೆದುಳಲ್ಲಿ ಕೈಯನ್ನು ನಡೆಸೋ ಜಾಗ. ಉಳಿದ ನರಕೋಶಗಳು ಅಭ್ಯಾಸದಿಂದ ಆ ಕೆಲಸವನ್ನು ಒಂದಷ್ಟು ಕಲಿಯಬಲ್ಲವು. ಆದರೆ ಕೈಯೇ ಅಲ್ಲಾಡದಿದ್ದರೆ ಅಭ್ಯಾಸ ಮಾಡೋದು ಹೇಗೆ?

ಇಲ್ಲೇ ವಿಆರ್ ಮತ್ತು ಇಇಜಿ ಬರೋದು. ಬಲಗೈ ಎತ್ತಬೇಕು ಅಂತ ಮನಸ್ಸು ಮಾಡಿದರೆ ಸಾಕು, ಮೆದುಳಿನ ಎಡಗಡೆ ಸೆಕೆಂಡಿಗೆ 8ರಿಂದ 12 ಬಾರಿ ಏರಿಳಿಯೋ ವಿದ್ಯುತ್ ಅಲೆ ತಗ್ಗುತ್ತೆ. ತಲೆಗೆ ಹಾಕಿದ ಇಇಜಿ ಟೋಪಿ ಅದನ್ನು ಹಿಡಿಯುತ್ತೆ. ತಕ್ಷಣ ಕನ್ನಡಕದೊಳಗೆ ಕಾಣೋ ಕೈ ಲೋಟ ಎತ್ತುತ್ತೆ. "ಅಂದುಕೊಂಡೆ, ಕೈ ಆಡಿತು" ಅನ್ನೋ ಸುದ್ದಿ ಮೆದುಳಿಗೆ ವಾಪಸ್ ಹೋಗುತ್ತೆ. ಪ್ರಯತ್ನಕ್ಕೂ ಫಲಕ್ಕೂ ನಡುವಿನ ಈ ಕೊಂಡಿಯೇ ಮುಖ್ಯ.

2021ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಇಪ್ಸಿಹ್ಯಾಂಡ್ ಅನ್ನೋ ಸಾಧನಕ್ಕೆ ಅನುಮತಿ ಕೊಟ್ಟಿತು. ಅದರಲ್ಲಿ ಇಇಜಿ ಸಂಕೇತ ನೋಡಿ ಯಂತ್ರ ರೋಗಿಯ ನಿಜವಾದ ಕೈಯನ್ನೇ ಆಡಿಸುತ್ತೆ. ಅದು ಇರೋದೇ ಲಕ್ವ ಹೊಡೆದು ಆರು ತಿಂಗಳು ಕಳೆದವರಿಗೆ. ಅಂದ್ರೆ, ಎಂಟು ತಿಂಗಳಾಯ್ತು ಅಂತ ಕೈ ಬಿಡಬೇಕಾಗಿಲ್ಲ.

ಬಿಕಾಂ ಓದಿದವನು ನಾನು, ಲೆಕ್ಕ ನೋಡದೆ ಬಿಡಲ್ಲ. 2017ರಲ್ಲಿ ಕಾಕ್ರೇನ್ ತಂಡ ಲಕ್ವ ರೋಗಿಗಳ ಮೇಲೆ ನಡೆದ 72 ವಿಆರ್ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ಮಾಮೂಲಿ ವ್ಯಾಯಾಮದ ಬದಲು ವಿಆರ್ ಕೊಟ್ಟರೆ ಕೈಗೆ ಹೆಚ್ಚಿನ ಲಾಭ ಕಾಣಲಿಲ್ಲ. ವ್ಯಾಯಾಮದ ಜೊತೆ ಸೇರಿಸಿ, ಅಭ್ಯಾಸದ ಸಮಯ ಹೆಚ್ಚಿಸಿದರೆ ಉಪಯೋಗ ಇರಬಹುದು. ಅಭ್ಯಾಸ ಅಸಲು, ವಿಆರ್ ಬಡ್ಡಿ. ಅಸಲೇ ಇಲ್ಲದೆ ಬಡ್ಡಿ ಎಲ್ಲಿಂದ ಬರುತ್ತೆ?

ನಮ್ಮ ಸೀಮೆಯ ಕುದಾಪುರದಲ್ಲಿ ಐಐಎಸ್‌ಸಿಯ 1,500 ಎಕರೆ ಕ್ಯಾಂಪಸ್ ಇದೆ, ಗೊತ್ತಲ್ವಾ? ಅದೇ ಸಂಸ್ಥೆಯ ಬೆಂಗಳೂರಿನ ಭೌತಶಾಸ್ತ್ರ ವಿಭಾಗದವರು ಲಕ್ವ ಹೊಡೆದವರಿಗಾಗಿ 3ಡಿ ಪ್ರಿಂಟ್ ಮಾಡಿದ ಗ್ಲೌಸ್ ರೂಪಿಸಿದ್ದಾರೆ. ಬೆರಳಿನ ಚಲನೆಯನ್ನು ಅದು ಬೆಳಕಿನಿಂದ ಅಳೆಯುತ್ತೆ. ಫಿಸಿಯೋಥೆರಪಿಸ್ಟ್ ದೂರದಿಂದಲೇ ಅದನ್ನು ನಿಯಂತ್ರಿಸಬಹುದು. ಅಂಥದ್ದು ನಮ್ಮ ಹಳ್ಳಿಗಳಿಗೆ ಬಂದರೆ ದೊಡ್ಡಪ್ಪನಿಗೆ ಬಸ್ ಚಾರ್ಜೂ ಉಳಿಯುತ್ತೆ, ಅಭ್ಯಾಸವೂ ತಪ್ಪಲ್ಲ.

ಅಲ್ಲೀತನಕ? ಫಿಸಿಯೋ ಹೇಳಿಕೊಟ್ಟ ಹಾಗೆ ಒಂದು ಕನ್ನಡಿ ಇಟ್ಟಿದ್ದೀವಿ. ಬಲಗೈ ಅದರ ಹಿಂದೆ ಮರೆಯಾಗಿರುತ್ತೆ. ಎಡಗೈ ಆಡಿಸಿದರೆ ಕನ್ನಡಿಯಲ್ಲಿ ಬಲಗೈಯೇ ಆಡಿದಂತೆ ಕಾಣುತ್ತೆ. ಇದು ಕರೆಂಟ್ ಬೇಡದ ವಿಆರ್!

ನಿಮ್ಮ ಮನೇಲೂ ಯಾರಾದರೂ "ಬಿಡಪ್ಪ" ಅಂದಿದ್ದರೆ, ಇಯರ್‌ಫೋನ್ ತೆಗೆದು ಇದನ್ನ ಅವರಿಗೂ ಕೇಳಿಸಿ.